ಬಿದಿರಿನ ಗಳದಿಂದ ಬುಬ್ಕಾ ದಾರಿಗೆ: ಪೋಲ್ ವಾಲ್ಟ್ ತರಬೇತಿಯಲ್ಲಿ ನನ್ನ ಅನುಭವ

ನಮ್ಮ ಹುಡುಗ ಜೂನಿಯರ್ ಕೂಟದ ಪೋಲ್ ವಾಲ್ಟ್‌ನಲ್ಲಿ (ಗಳ ಊರಿ ಎತ್ತರದ ಅಡ್ಡಪಟ್ಟಿ ದಾಟುವ ಸ್ಪರ್ಧೆ) 4.80 ಮೀಟರ್ ದಾಟಿದ ಮೇಲೆ, ‘ಈ ಕಾಲದಲ್ಲಿ ಬಿದಿರು ಹಿಡಿಸಿ ಮಕ್ಕಳ ಭವಿಷ್ಯ ಹಾಳುಮಾಡುತ್ತಿದ್ದೀರಿ’ ಎಂದು ಮೂರು-ನಾಲ್ಕು ವರ್ಷಗಳ ಹಿಂದೆ ಹೇಳಿದ್ದ ತರಬೇತುದಾರ ಮಿತ್ರರೇ ಫೋನ್ ಮಾಡಿ ವಿಧಾನ ಕೇಳತೊಡಗಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲೆಂದು ಇದನ್ನು ಬರೆಯುತ್ತಿದ್ದೇನೆ. ಪ್ಲಾಂಟ್ ಎಂದರೇನು, ಸ್ಟ್ಯಾಂಡನ್ನು ಎಲ್ಲಿಗೆ ಸರಿಸಬೇಕು ಎಂಬುದೆಲ್ಲ ಓದುವವರಿಗೆ ಗೊತ್ತಿದೆ ಎಂದು ತಿಳಿದು ಮುಂದುವರಿಯುತ್ತೇನೆ.

ವಿಧಾನ ನನ್ನದಲ್ಲ, ಉಕ್ರೇನಿನ ತರಬೇತುದಾರ ವಿತಾಲಿ ಪೆಟ್ರೋವ್ ಅವರದು. ಅವರ ಶಿಷ್ಯ ಸೆರ್ಗೆಯ್ ಬುಬ್ಕಾ ಹದಿಹರೆಯದಲ್ಲಿಯೇ ಗುರುವಿನ ಹಿಂದೆ ಲುಹಾನ್ಸ್ಕ್ ಬಿಟ್ಟು ದೊನೆತ್ಸ್ಕ್‌ಗೆ ಹೋದರು, 1983ರಲ್ಲಿ ಹೆಲ್ಸಿಂಕಿಯಲ್ಲಿ ಹತ್ತೊಂಬತ್ತರ ವಯಸ್ಸಿಗೆ 5.70 ಮೀಟರ್ ಹಾರಿ ವಿಶ್ವ ಚಾಂಪಿಯನ್ ಆದರು, 1985ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಾರಿಗೆ 6 ಮೀಟರ್ ದಾಟಿದರು, ಮುಂದೆ 1997ರವರೆಗೆ ಸತತ ಆರು ವಿಶ್ವ ಚಾಂಪಿಯನ್‌ಶಿಪ್ ಗೆದ್ದರು. ಒಳಾಂಗಣ, ಹೊರಾಂಗಣ ಸೇರಿ 35 ವಿಶ್ವದಾಖಲೆಗಳು ಅವರ ಹೆಸರಿನಲ್ಲಿದ್ದವು. ಇವು ಎಲ್ಲರಿಗೂ ಗೊತ್ತಿರುವ ಅಂಕಿಗಳು. ನಾನು ವರ್ಷಗಟ್ಟಲೆ ದಿಟ್ಟಿಸಿದ್ದು ಬೇರೊಂದು ಅಂಕಿಯನ್ನು. 1994ರಲ್ಲಿ ಇಟಲಿಯ ಸೆಸ್ತ್ರಿಯೇರೆಯಲ್ಲಿ 6.14 ಹಾರಿದ ಬುಬ್ಕಾ ಪೋಲನ್ನು ಹಿಡಿಯುತ್ತಿದ್ದದ್ದು ಅದರ ಬುಡದಿಂದ ಸುಮಾರು 5.15 ಮೀಟರ್ ಎತ್ತರದಲ್ಲಿ. ಪೋಲನ್ನು ಊರುವ, ನೆಲದೊಳಗಿನ ಬಾಕ್ಸಿನ 20 ಸೆಂಟಿಮೀಟರ್ ಆಳವನ್ನು ಕಳೆದರೆ ನೆಲದಿಂದ ಅವರ ಹಿಡಿತ 4.95ರ ಆಸುಪಾಸು. ಅಂದರೆ ಹಿಡಿತಕ್ಕಿಂತ ಸುಮಾರು 1.20 ಮೀಟರ್ ಮೇಲಕ್ಕೆ ಅವರ ದೇಹ ಹೋಗುತ್ತಿತ್ತು. ನಮ್ಮ ಕ್ರೀಡಾಂಗಣಗಳಲ್ಲಿ ಇದೇ ಲೆಕ್ಕ ಹಾಕಿ ನೋಡಿ: 4.40 ಹಿಡಿದು 4.40 ಹಾರುವ ಹುಡುಗನ ವ್ಯತ್ಯಾಸ ಬರೀ 20 ಸೆಂಟಿಮೀಟರ್. ಅವನಿಗೆ ಇನ್ನೂ ಉದ್ದದ ಪೋಲ್ ಬೇಕೆಂದು ಎಲ್ಲರೂ ಹೇಳುತ್ತಾರೆ, ಅವನಿಗೆ ಬೇಕಾದದ್ದು ಇನ್ನೂ ಕೆಳಗಿನ ಹಿಡಿತ ಎಂದು ನಾನು ಹೇಳುತ್ತಾ ಬಂದೆ.

ಪೆಟ್ರೋವ್ ಅವರ ಪಾಠದ ತಿರುಳು ಟೇಕ್‌ಆಫ್, ಅಂದರೆ ನೆಲ ಬಿಟ್ಟು ನೆಗೆಯುವ ಕ್ಷಣ. ಪೋಲಿನ ತುದಿ ಬಾಕ್ಸಿನ ಹಿಂಗೋಡೆಗೆ ತಾಗುವ ಕ್ಷಣಕ್ಕೆ ಮುಂಚೆಯೇ ಪಾದ ನೆಲ ಬಿಟ್ಟಿರಬೇಕು, ಅಲ್ಲಿಯವರೆಗೆ ಪೋಲ್ ಬಾಗಕೂಡದು. ನಮ್ಮ ಮಕ್ಕಳು ಮಾಡುವುದು ಇದಕ್ಕೆ ತದ್ವಿರುದ್ಧ. ನೆಗೆಯಬೇಕಾದ ಜಾಗ ದಾಟಿ ಬಾಕ್ಸಿನ ಕಡೆಗೆ ಒಂದಡಿ ಒಳಗೆ ಹೊಕ್ಕು ನೆಗೆಯುತ್ತಾರೆ, ಪೋಲ್ ಬಾಗಿದ್ದನ್ನು ಕಂಡು ಹಿಗ್ಗುತ್ತಾರೆ. ಈಗಿನ ಫೈಬರ್‌ಗ್ಲಾಸ್ ಪೋಲ್ ಈ ತಪ್ಪನ್ನು ಬಾಗಿ ನುಂಗಿಕೊಳ್ಳುತ್ತದೆ. ಬಿದಿರು ನುಂಗುವುದಿಲ್ಲ, ಒಳಗೆ ಹೊಕ್ಕವನ ಹೆಗಲನ್ನು ಹಿಂದಕ್ಕೆ ಜಗ್ಗಿ ನಿಲ್ಲಿಸುತ್ತದೆ. ನನಗೆ ಬೇಕಾಗಿದ್ದ ಶಿಕ್ಷಕ ಅದೇ. ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಬಿದಿರಿನಲ್ಲಿಯೇ 1942ರಲ್ಲಿ 4.77 ಹಾರಿದ್ದರು, ಆ ದಾಖಲೆ 1957ರವರೆಗೆ ಉಳಿದಿತ್ತು ಎಂಬುದನ್ನು ಗೇಲಿ ಮಾಡಿದವರಿಗೆಲ್ಲ ಹೇಳಿದ್ದೇನೆ.

ಆದರೆ ಹಾರಲು ಯೋಗ್ಯವಾದ ಬಿದಿರನ್ನು ಹುಡುಕುವುದರಲ್ಲಿಯೇ ಮೊದಲ ವರ್ಷ ಮುಗಿಯಿತು. ಮಂಡಿಯಲ್ಲಿ ಒಂದಕ್ಕೆ 150–200 ರೂಪಾಯಿಯಂತೆ ಕೊಂಡ ಮೊದಲ ಕಂತು ಮಳೆಗಾಲ ಕಳೆಯುವಷ್ಟರಲ್ಲಿ ಕುಟ್ಟೆ ಹಿಡಿದು ಪುಡಿಯುದುರಿಸಿತು. ಎರಡನೆಯ ಕಂತು ಬಿಸಿಲಿಗೆ ಉದ್ದುದ್ದ ಸೀಳಿತು. ಕೊನೆಗೆ ಬುಟ್ಟಿ ಹೆಣೆಯುವ ಹಿರಿಯ ಮೇದಾರರೊಬ್ಬರು ದಾರಿ ತೋರಿಸಿದರು: ಚಳಿಗಾಲದಲ್ಲಿ ಕಡಿದ, ಒಳಗೆ ಟೊಳ್ಳು ಕಡಿಮೆಯಿರುವ, ಬಲಿತ ಬಿದಿರನ್ನೇ ಆರಿಸಬೇಕು, ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಗಿಣ್ಣುಗಳನ್ನು ಉಜ್ಜಿ ನಯಮಾಡಿ, ಗಿಣ್ಣುಗಳ ನಡುವೆ ಬಟ್ಟೆಯ ಟೇಪ್ ಸುತ್ತಿ, ಬುಡಕ್ಕೆ ರಬ್ಬರ್ ಬುಚ್ಚು ಹಾಕಿದ ಮೇಲೆ ಅವು ಎರಡು ವರ್ಷ ಬಾಳಿದವು. ಆದರೂ ಪ್ರತಿ ಅಭ್ಯಾಸಕ್ಕೆ ಮುಂಚೆ ಉದ್ದಕ್ಕೂ ಬೆರಳಾಡಿಸಿ ಸೀಳು ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಮೂರೂವರೆ ಮೀಟರಿಗಿಂತ ಮೇಲೆ ಹಿಡಿಯಲು ಯಾರನ್ನೂ ಬಿಟ್ಟದ್ದಿಲ್ಲ.

ಕೆಲಸ ಶುರುವಾದದ್ದು ಲಾಂಗ್‌ಜಂಪಿನ ಮರಳುಗುಂಡಿಯಲ್ಲಿ. ಮೊದಲು ನಾಲ್ಕು ಹೆಜ್ಜೆ, ಆಮೇಲೆ ಆರು, ಹಿಡಿತ ಎರಡೂವರೆ ಮೀಟರಿನ ಹತ್ತಿರ. ನೆಗೆತ ಸರಿಯಾಗಿ, ದೇಹ ಆಳಕ್ಕೆ ಹೋಗಿ ಬಿದ್ದರೆ ಮಾತ್ರ ಹಿಡಿತವನ್ನು 5 ಸೆಂಟಿಮೀಟರ್ ಏರಿಸುತ್ತಿದ್ದೆ. ಒಂದು ಅಭ್ಯಾಸದಲ್ಲಿ ಎರಡು ಬಾರಿ ಒಳಗೆ ಹೊಕ್ಕರೆ ಮತ್ತೆ ಕೆಳಗಿಳಿಸುತ್ತಿದ್ದೆ. ಈ ಕಟ್ಟುನಿಟ್ಟಿನಿಂದ ಫಲಿತಾಂಶ ಬಿದ್ದುಹೋಯಿತು. ಮೊದಲು 4.10 ಹಾರುತ್ತಿದ್ದ ಹುಡುಗ ಆ ವರ್ಷ ಕೂಟದಲ್ಲಿ 3.70ಕ್ಕೇ ನಿಂತ. ಇಬ್ಬರು ಒಳ್ಳೆಯ ಹುಡುಗರು ಬೇರೆ ತರಬೇತಿಗೆ ಹೊರಟುಹೋದರು, ಉಳಿದವರ ಪಾಲಕರು ‘ಸರ್, ಈ ಸಲವೂ ಸರ್ಟಿಫಿಕೇಟ್ ಬರಲಿಲ್ಲವಲ್ಲ, ಕ್ರೀಡಾ ಕೋಟಾದ ಸೀಟು ಹೇಗೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಪೆಟ್ರೋವ್ ಅವರ ಬಳಿ ಕಲಿತ ಇಟಲಿಯ ಜುಸೆಪ್ಪೆ ಜಿಬಿಲಿಸ್ಕೊ 2003ರಲ್ಲಿ ವಿಶ್ವ ಚಾಂಪಿಯನ್ ಆದದ್ದನ್ನೂ, ಅವರದೇ ತರಬೇತಿಯಲ್ಲಿದ್ದ ರಷ್ಯಾದ ಯೆಲೆನಾ ಇಸಿನ್‌ಬಯೆವಾ 2009ರಲ್ಲಿ ಝ್ಯೂರಿಕ್‌ನಲ್ಲಿ 5.06 ಹಾರಿದ್ದನ್ನೂ ತೋರಿಸಿ, ಈ ದಾರಿ ಬುಬ್ಕಾ ಒಬ್ಬರ ಮೈಕಟ್ಟಿಗೆ ಮಾತ್ರ ಒಗ್ಗಿದ್ದಲ್ಲ ಎಂದು ಒಪ್ಪಿಸಿ ಇನ್ನೊಂದು ವರ್ಷ ಕೇಳಿ ಪಡೆದೆ.

ನಡುವೆ ಮಾಡಿದ ಒಂದು ಪ್ರಯೋಗವನ್ನೂ ಹೇಳಬೇಕು. ಲಕ್ಷ್ಮೇಶ್ವರ, ತುಳಸಿಗೇರಿಯ ಕಡೆ ಮಲ್ಲಕಂಬದ ಮಕ್ಕಳು ಹಗ್ಗದ ಮೇಲೆ ತಲೆಕೆಳಗಾಗುವ ಚುರುಕನ್ನು ಕಂಡಾಗಿನಿಂದ ಅದು ನನ್ನ ತಲೆಯಲ್ಲಿತ್ತು. ಮರಕ್ಕೆ ಹಗ್ಗ ಕಟ್ಟಿ ನಾಲ್ಕೈದು ತಿಂಗಳು ಅದನ್ನೇ ಮಾಡಿಸಿದೆ. ಹೊಟ್ಟೆ, ಬೆನ್ನಿನ ಬಲ ಅಚ್ಚರಿಪಡುವಷ್ಟು ಹೆಚ್ಚಿತು, ತಲೆಕೆಳಗಾಗುವ ಭಯ ಪೂರ್ತಿ ಹೋಯಿತು. ಆದರೆ ಹಗ್ಗದಲ್ಲಿ ತೋಳು ಮಡಚಿ ಮೈಯನ್ನು ಎಳೆದುಕೊಳ್ಳುವ ಅಭ್ಯಾಸವಾಗಿ, ಪೋಲಿನ ಮೇಲೂ ಮಕ್ಕಳು ಬೇಗ ಎಳೆಯತೊಡಗಿದರು, ತೋಳು ಚಾಚಿ ಪೋಲಿಗೆ ಜೋತು ಮೈಯನ್ನು ತೂಗುವ ಉದ್ದನೆಯ ತೂಗು ಮೊಟಕಾಯಿತು. ಈಗ ಹಗ್ಗವನ್ನು ಕೂಟಗಳಿಲ್ಲದ ತಿಂಗಳುಗಳಲ್ಲಿ ಮಾತ್ರ, ಬಲಕ್ಕಾಗಿ ಮಾತ್ರ ಬಳಸುತ್ತೇನೆ. ತೂಗು ಕಲಿಸಲು ಜಿಮ್ನಾಸ್ಟಿಕ್ಸಿನ ಹೈಬಾರಿಗೆ ಸಮನಾದದ್ದಿಲ್ಲ.

ಇನ್ನು ಹಣ. ಬಿದಿರಿನಿಂದ ಫೈಬರ್‌ಗ್ಲಾಸಿಗೆ ದಾಟಲು ನಾಲ್ಕಾದರೂ ಪೋಲ್ ಬೇಕಿತ್ತು. ಹೊರದೇಶದ ಹೊಸ ಪೋಲ್ ಸಾಗಣೆ, ಸುಂಕ ಸೇರಿ ಒಂದಕ್ಕೆ 70–80 ಸಾವಿರ ರೂಪಾಯಿಗೆ ಕಡಿಮೆಯಿಲ್ಲದಂತೆ ಬಿತ್ತು. ಒಂದು ಹೊಸತು, ಮೂರು ಬಳಸಿದವು, ಒಟ್ಟು ಎರಡು ಲಕ್ಷದ ಸುತ್ತಮುತ್ತ. ಅರ್ಧ ಹಣ ಮನೆಯ ಒಡವೆ ಅಡವಿಟ್ಟು ಬಂದದ್ದು. ಹೊಸ ಪೋಲನ್ನು ಸಾಗಿಸಿದವರು ತಂತಿಯಿಂದ ಬಿಗಿದು ತಂದಿದ್ದರು. ಕಣ್ಣಿಗೆ ಬೀಳದಷ್ಟು ಸಣ್ಣ ಗೀರು ಉಳಿದಿತ್ತು, ಆರು ತಿಂಗಳಾಗುವ ಮೊದಲೇ ಅದೇ ಜಾಗದಲ್ಲಿ ಮೂರು ತುಂಡಾಯಿತು. ಹುಡುಗ ಮ್ಯಾಟಿನ ಮೇಲೆಯೇ ಬಿದ್ದ ಎಂಬುದೊಂದೇ ಸಮಾಧಾನ. ಅಂದಿನಿಂದ ಪೋಲ್‌ಗಳು ಹಳೆಯ ಕಂಬಳಿ ಸುತ್ತಿದ ಪಿವಿಸಿ ಪೈಪಿನೊಳಗೇ ಪಯಣಿಸುತ್ತವೆ.

ಕೆಳಗೆ ಹಿಡಿದಷ್ಟೂ ಅದೇ ಪೋಲ್ ಹೆಚ್ಚು ಗಟ್ಟಿಯಾಗಿ ವರ್ತಿಸುತ್ತದೆ. ಹೀಗಾಗಿ ನಮ್ಮ ನಾಲ್ಕೇ ಪೋಲ್‌ಗಳು ಏಳೆಂಟು ಪೋಲ್‌ಗಳ ಕೆಲಸ ಮಾಡಿದವು. ಬಾಗಿಸು ಎಂದು ಯಾರಿಗೂ ಹೇಳಲಿಲ್ಲ. ಬಿದಿರಿನಲ್ಲಿ ಕಲಿತ ನೆಗೆತವನ್ನು ಹನ್ನೆರಡು ಹೆಜ್ಜೆಯ ಓಟಕ್ಕೆ ಜೋಡಿಸಿದಾಗ ಪೋಲ್ ತಾನಾಗಿ ಬಾಗಿತು. ಆ ವರ್ಷವೇ ನಮ್ಮ ಹುಡುಗ 3.95 ಹಿಡಿದು 4.45 ದಾಟಿದ. ವ್ಯತ್ಯಾಸ 70 ಸೆಂಟಿಮೀಟರ್. ಆ ಸಂಜೆ ಕ್ರೀಡಾಂಗಣದಲ್ಲಿ ಅವನಿಗಿಂತ ಎತ್ತರ ಹಾರಿದವರು ಇದ್ದರು, ಅಷ್ಟು ವ್ಯತ್ಯಾಸವಿದ್ದವರು ಒಬ್ಬರೂ ಇರಲಿಲ್ಲ, ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಮೊನ್ನೆಯ 4.80ಕ್ಕೆ ಅವನು ಹಿಡಿದದ್ದು 4.20ರ ಆಸುಪಾಸು.

ಎಲ್ಲರೂ ಕೇಳುವುದು ಓಟದ ನಡುವಿನ ಚೆಕ್‌ಮಾರ್ಕನ್ನು (ಹೆಜ್ಜೆ ಸರಿಯಿದೆಯೇ ಎಂದು ನೋಡಲು ಇಡುವ ಗುರುತು) ಎಲ್ಲಿಡುತ್ತೀರಿ ಎಂದು. ಚಾರ್ಟಿನಲ್ಲಿರುವ ದೂರವಲ್ಲ ಎಂದಷ್ಟೇ ಹೇಳಬಲ್ಲೆ. ಅದನ್ನೂ ಕೊನೆಯ ಮೂರು ಹೆಜ್ಜೆಗಳಲ್ಲಿ ಪೋಲಿನ ತುದಿಯನ್ನು ಇಳಿಸಲು ನಾವು ಎಣಿಸುವ ತಾಳವನ್ನೂ ಈ ಮಕ್ಕಳ ಸ್ಪರ್ಧಾಕಾಲ ಮುಗಿಯುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಶಿವ ಸುಬ್ರಮಣಿ 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 5.31 ಹಾರಿ ತೋರಿಸಿದ ಮೇಲೆ 5 ಮೀಟರ್ ನಮ್ಮ ಹುಡುಗರಿಗೆ ದೂರದ ಮಾತಾಗಿ ಉಳಿದಿಲ್ಲ. ಅದಕ್ಕೆ ಹಿಡಿತ 4.35ಕ್ಕೆ ಏರಬೇಕು, ಹದಿನಾರು ಹೆಜ್ಜೆಯ ಓಟ ಬೇಕು, 4.60 ಮೀಟರ್ ಉದ್ದದ, ಅವನಿಗಿಂತ ಹತ್ತು ಕಿಲೋ ಹೆಚ್ಚು ತೂಕದವರಿಗೆಂದು ಮಾಡಿದ ಒಂದು ಪೋಲ್ ಬೇಕು. ಮೂರನೆಯದಕ್ಕೆ ಮುಂಗಡ ಕಟ್ಟಿದ್ದೇನೆ, ಅದು ಬರುವವರೆಗೆ ಬೆಳಗಿನ ಹೊತ್ತು ಮರಳುಗುಂಡಿಯಲ್ಲಿ ಬಿದಿರಿನ ಅಭ್ಯಾಸ ನಡೆದೇ ಇರುತ್ತದೆ.