ಕಾರಿಗೆ ಸಿರಾಮಿಕ್ ಕೋಟಿಂಗ್: ಹುಬ್ಬಳ್ಳಿ-ಧಾರವಾಡದ ಧೂಳು, ನೀರು, ಬಿಸಿಲಿಗೆ ಅದು ಬೇಕೇ?

ಹೊಸ ಕಾರಿನ ಬುಕಿಂಗ್ ಮುಗಿಯುವ ಹೊತ್ತಿಗೆ ಶೋರೂಮಿನವರು ಸಿರಾಮಿಕ್ ಕೋಟಿಂಗ್ ಮಾತು ತೆಗೆಯುತ್ತಾರೆ. ಅಲ್ಲೇ ಹೂಂ ಅನ್ನಬೇಡಿ. ಮೊದಲು ಮೂರು ಸಂಗತಿ ನೋಡಿಕೊಳ್ಳಿ: ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ, ಯಾವ ನೀರಿನಲ್ಲಿ ತೊಳೆಯುತ್ತೀರಿ, ಬೆಳಿಗ್ಗೆ ಅದನ್ನು ಒರೆಸುವವರು ಯಾರು. ಕೊಟ್ಟ ದುಡ್ಡು ದಕ್ಕುವುದು ಈ ಮೂರರಿಂದ. ಬಾಟಲಿಯ ಮೇಲಿನ ಹೆಸರು ಆಮೇಲಿನ ಮಾತು.

ಕೋಟಿಂಗ್ ಅಂದರೆ ಸಿಲಿಕಾ ಆಧಾರದ ಒಂದು ದ್ರಾವಣ. ಪೇಂಟಿನ ಮೇಲಿರುವ ಕ್ಲಿಯರ್ ಕೋಟಿಗೆ (ಬಣ್ಣವಿಲ್ಲದ ಪಾರದರ್ಶಕ ಪದರಕ್ಕೆ) ತೆಳ್ಳಗೆ ಹಚ್ಚಿ ಒರೆಸಿದರೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ದಪ್ಪ ಸುಮಾರು 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಹೆಚ್ಚೆಂದರೆ 2. ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಇರುತ್ತದೆ. ಇಷ್ಟು ತೆಳುವಾದ ಪದರ ಲಾರಿ ಚಕ್ರದಿಂದ ಸಿಡಿದ ಕಲ್ಲನ್ನಾಗಲಿ, ಪಕ್ಕದ ಬೈಕಿನ ಹ್ಯಾಂಡಲ್ ಎಳೆದ ಗೆರೆಯನ್ನಾಗಲಿ ತಡೆಯುವುದಿಲ್ಲ. ಕಲ್ಲು ತಡೆಯುವುದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್). ಅದು 150ರಿಂದ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ, ಅದರ ಖರ್ಚಿನ ಲೆಕ್ಕವೇ ಬೇರೆ.

‘9ಎಚ್ ಗಡಸುತನ’ ಅಂತ ಹೇಳುತ್ತಾರಲ್ಲ, ಅದು ಪೆನ್ಸಿಲ್ ಪರೀಕ್ಷೆಯ ಅಳತೆ. ಆ ಪರೀಕ್ಷೆಯ ಅತಿ ಗಟ್ಟಿ ಪೆನ್ಸಿಲ್ ಗೀರಿದರೂ ಗೆರೆ ಬೀಳಲಿಲ್ಲ ಎಂದಷ್ಟೇ ಅದರರ್ಥ. ಖನಿಜಗಳನ್ನು ಅಳೆಯುವ ಮೋಸ್ ಮಾಪಕಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ರಸ್ತೆ ಧೂಳಿನಲ್ಲಿರುವ ಉಸುಕಿನ ಕಣ, ಅಂದರೆ ಸ್ಫಟಿಕ ಶಿಲೆಯ ಪುಡಿ, ಮೋಸ್ ಮಾಪಕದಲ್ಲಿ 7. ಗಾಜಿಗೇ ಗೆರೆ ಹಾಕುವ ವಸ್ತು ಅದು. ಒಣ ಅರಿವೆಯಲ್ಲಿ ಅದನ್ನು ತಿಕ್ಕಿದರೆ ಯಾವ ಕೋಟಿಂಗೂ ನಿಲ್ಲುವುದಿಲ್ಲ.

ಹಾಗಾದರೆ ಸಿಗುವುದೇನು? ನೀರು ಮತ್ತು ಹೊಲಸು ಅಂಟಿಕೊಂಡು ಕೂಡುವುದಿಲ್ಲ. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರಿ ಮಣ್ಣಿನಲ್ಲಿ ಮಳೆಗಾಲದಲ್ಲಿ ಓಡಾಡುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಬಾಗಿಲಿನ ಕೆಳಭಾಗಕ್ಕೆ, ಚಕ್ರದ ಕಮಾನಿಗೆ ಮೆತ್ತಿದ ಎರಿ ಒಣಗಿದರೆ ಸಿಮೆಂಟಿನ ಹಾಗೆ ಕಚ್ಚುತ್ತದೆ. ಕೋಟಿಂಗ್ ಇದ್ದ ಗಾಡಿಯಲ್ಲಿ ಅದು ಪ್ರೆಶರ್ ನೀರಿಗೇ ಬಹುಪಾಲು ಬಿಟ್ಟುಕೊಳ್ಳುತ್ತದೆ, ತಿಕ್ಕುವ ಕೆಲಸ ಕಡಿಮೆಯಾಗುತ್ತದೆ. ತಿಕ್ಕುವುದು ಕಡಿಮೆಯಾದಷ್ಟು ಗೆರೆಗಳೂ ಕಡಿಮೆ. ಕೋಟಿಂಗಿನ ನಿಜವಾದ ಲಾಭ ಇದೇ. ಹೊಳಪು ಎರಡನೆಯದು, ಅದರಲ್ಲೂ ಬಹುಪಾಲು ಕೋಟಿಂಗಿಗೆ ಮುಂಚೆ ಮಾಡುವ ಪಾಲಿಶಿನಿಂದ ಬಂದದ್ದು. ಗಾಡಿಯ ಒಳಗೆ ತಂಪಾಗುತ್ತದೆ, ಮಾರುವಾಗ ಹೆಚ್ಚು ರೇಟು ಬರುತ್ತದೆ ಎಂಬ ಮಾತುಗಳನ್ನು ಪಕ್ಕಕ್ಕಿಡಿ. ಹಳೇ ಗಾಡಿ ಕೊಳ್ಳುವವರು ನೋಡುವುದು ಮಾಡೆಲ್ ವರ್ಷ, ಓಡಿದ ಕಿಲೋಮೀಟರ್, ಸರ್ವಿಸ್ ದಾಖಲೆ.

ಮೊದಲು ನೀರಿನ ವಿಷಯ

ಅವಳಿ ನಗರದಲ್ಲಿ ಮಲಪ್ರಭೆಯ ನಳದ ನೀರು ದಿನಗಟ್ಟಲೆ ಬಿಟ್ಟು ಬರುವ ಬಡಾವಣೆಗಳಿವೆ. ಬಂದ ನೀರು ಕುಡಿಯಲು, ಅಡಿಗೆಗೆ. ಗಾಡಿ ತೊಳೆಯಲು ಬೋರ್ ನೀರೇ ಗತಿ, ಅದು ಬಹಳ ಕಡೆ ಸವಳು. ಕೋಟಿಂಗ್ ಆದ ಬಾನೆಟ್ ಮೇಲೆ ನೀರು ಮುತ್ತಿನಂತೆ ಗುಂಡಗೆ ನಿಲ್ಲುತ್ತದೆ, ನೋಡಲು ಚಂದ. ಆದರೆ ಏಪ್ರಿಲ್ ಬಿಸಿಲಿಗೆ ಆ ಹನಿ ಆರಿದಾಗ ಅದರಲ್ಲಿದ್ದ ಕ್ಯಾಲ್ಶಿಯಂ, ಮೆಗ್ನೀಶಿಯಂ ಲವಣವೆಲ್ಲ ಒಂದೇ ಚುಕ್ಕೆಯಲ್ಲಿ ಉಳಿದು ಬಿಳಿ ಉಂಗುರವಾಗುತ್ತದೆ. ಕೋಟಿಂಗ್ ಇಲ್ಲದ ಗಾಡಿಯಲ್ಲಿ ನೀರು ಹರಡಿಕೊಂಡು ಆರುವುದರಿಂದ ಕಲೆ ತೆಳುವಾಗಿರುತ್ತದೆ. ಕೋಟಿಂಗ್ ಆದ ಗಾಡಿಯಲ್ಲಿ ಕಲೆ ಸಣ್ಣದು, ಆದರೆ ಗಟ್ಟಿ.

ಹೊಸ ಉಂಗುರವಾದರೆ ಬಿಳಿ ವಿನೆಗರ್ ಮತ್ತು ನೀರು ಸಮ ಅಳತೆಯಲ್ಲಿ ಬೆರೆಸಿ, ಮೈಕ್ರೊಫೈಬರ್ ಬಟ್ಟೆ ಅದ್ದಿ ನೆರಳಲ್ಲಿ ಒಂದು ನಿಮಿಷ ಇಟ್ಟು ತೆಗೆಯಿರಿ, ತಕ್ಷಣ ಚೆನ್ನಾಗಿ ತೊಳೆಯಿರಿ. ವಾರಗಟ್ಟಲೆ ಬಿಸಿಲು ಕಂಡ ಉಂಗುರ ಕೋಟಿಂಗನ್ನೇ ಕೊರೆದಿರುತ್ತದೆ. ಅದನ್ನು ತೆಗೆಯಲು ಪಾಲಿಶ್ ಬೇಕು, ಪಾಲಿಶ್ ಮಾಡಿದರೆ ಆ ಜಾಗದ ಕೋಟಿಂಗೂ ಹೋಗುತ್ತದೆ. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಬಕೆಟಿನಲ್ಲಿ ಹಿಡಿದು ಗಾಡಿ ತೊಳೆಯುವವರಿದ್ದಾರೆ. ನೀರು ಉಳಿಸುವ ಉದ್ದೇಶ ಒಳ್ಳೆಯದು, ಆದರೆ ಒಳಗೆ ಹೋದ ನೀರಿಗಿಂತ ಆ ನೀರಿನಲ್ಲೇ ಲವಣ ಹೆಚ್ಚು. ಅದನ್ನು ಅಂಗಳ ತೊಳೆಯಲು ಬಳಸಿ.

ಬೋರ್ ನೀರೇ ಇದ್ದರೂ ಕೋಟಿಂಗ್ ಉಳಿಸಿಕೊಳ್ಳಬಹುದು. ಬಿಸಿಲೇರುವ ಮುಂಚೆ ತೊಳೆಯಬೇಕು, ಕೊನೆಗೆ ನಳದ ನೀರನ್ನೋ ಹಿಡಿದಿಟ್ಟ ಮಳೆ ನೀರನ್ನೋ ಒಂದು ಬಕೆಟ್ ಮೇಲಿಂದ ಹರಿಸಬೇಕು, ಆರಲು ಬಿಡದೆ ದಪ್ಪ ಟವೆಲಿನಲ್ಲಿ ಒತ್ತಿ ನೀರು ಹೀರಬೇಕು. ಇಷ್ಟು ಆಗದು ಅನ್ನುವವರಿಗೆ ಕೋಟಿಂಗ್ ಬೇಡ.

ಇನ್ನು ಒರೆಸುವ ಕೈ. ಬಹಳ ಓಣಿಗಳಲ್ಲಿ ತಿಂಗಳ ಲೆಕ್ಕದಲ್ಲಿ ಒಬ್ಬ ಹುಡುಗ ಬಂದು ಬೆಳಿಗ್ಗೆ ಹತ್ತು ಗಾಡಿಗೆ ಒಂದೇ ಅರಿವೆ, ಒಂದೇ ಬಕೆಟ್ ನೀರು ಬಳಸಿ ಒರೆಸುತ್ತಾನೆ. ಹತ್ತೂ ಗಾಡಿಯ ಉಸುಕು ಆ ಬಟ್ಟೆಯಲ್ಲಿರುತ್ತದೆ. ಕಪ್ಪು ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ಸೂರ್ಯನ ಪ್ರತಿಬಿಂಬದ ಸುತ್ತ ನೋಡಿ: ಜೇಡರ ಬಲೆಯ ಹಾಗೆ ಸುತ್ತು ಗೆರೆ ಕಾಣುತ್ತವೆ. ಈ ಪದ್ಧತಿ ಬಿಡದೆ ಕೋಟಿಂಗ್ ಮಾಡಿಸಿದರೆ ಆರು ತಿಂಗಳಲ್ಲಿ ಅದೇ ಬಲೆ ಮತ್ತೆ ಬರುತ್ತದೆ. ಹುಡುಗನನ್ನು ಬಿಡಿಸುವುದು ಬೇಡ. ಗಾಜು ಮತ್ತು ಒಳಗಿನ ಕೆಲಸ ಮಾತ್ರ ಅವನಿಗೆ ಕೊಡಿ.

ಯಾರಿಗೆ ಬೇಕು, ಯಾರಿಗೆ ಬೇಡ

ಕಪ್ಪು, ಕಡುನೀಲಿ, ಕಡುಕೆಂಪು ಗಾಡಿ, ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯೋಚನೆ, ನೆರಳಿನ ಪಾರ್ಕಿಂಗ್, ಸ್ವತಃ ತೊಳೆಯುವ ಅಭ್ಯಾಸ: ಇವು ಕೂಡಿದರೆ ಮಾಡಿಸಿ, ದುಡ್ಡು ಹಾಳಾಗುವುದಿಲ್ಲ. ಬಿಳಿ ಅಥವಾ ಬೆಳ್ಳಿ ಬಣ್ಣದ ಗಾಡಿಯಲ್ಲಿ ಗೆರೆ ಕಾಣುವುದೇ ಕಡಿಮೆ, ಅದಕ್ಕೆ ಸೀಲಂಟ್ (ಪೇಂಟಿನ ಮೇಲೆ ಹಚ್ಚುವ, ಕೆಲವೇ ತಿಂಗಳು ಬಾಳುವ ರಕ್ಷಣೆಯ ದ್ರಾವಣ) ಸಾಕು. ಎರಡು ವರ್ಷದಲ್ಲಿ ಮಾರುವವರಿಗೆ, ಟ್ಯಾಕ್ಸಿಗೆ, ಸರ್ವಿಸಿಂಗ್ ಸೆಂಟರಿನಲ್ಲಿ ಬ್ರಷ್ ಹಾಕಿ ತೊಳೆಸುವವರಿಗೆ ಬೇಡ. ದಿನವೂ ಹಾವೇರಿ-ಹುಬ್ಬಳ್ಳಿ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಓಡುವವರ ಮೊದಲ ತೊಂದರೆ ಕಲ್ಲೇಟು. ಅವರು ಅದೇ ದುಡ್ಡಿನಲ್ಲಿ ಮುಂದಿನ ಬಂಪರ್, ಬಾನೆಟ್ಟಿನ ಮುಂಅಂಚು, ಬಾಗಿಲ ಹಿಡಿಕೆಯ ಗುಳಿಗೆ ಮಾತ್ರ ಪಿಪಿಎಫ್ ಹಾಕಿಸುವುದು ಜಾಣತನ.

ಧಾರವಾಡದಲ್ಲಿ ಗಿಡದ ಕೆಳಗೆ ಗಾಡಿ ನಿಲ್ಲಿಸುವವರು ಹಕ್ಕಿ ಹಿಕ್ಕೆಯ ಭಯದಿಂದ ಕೋಟಿಂಗ್ ಕೇಳುತ್ತಾರೆ. ಅದು ಸ್ವಲ್ಪ ಹೊತ್ತು ಕಾಯುತ್ತದೆ, ದಿನಗಟ್ಟಲೆ ಅಲ್ಲ. ಬಿಸಿಲಿಗೆ ಪೇಂಟು ಮೆತ್ತಗಾಗಿ, ಸಂಜೆ ತಂಪಿಗೆ ಬಿಗಿಯುವಾಗ ಒಣಗಿದ ಹಿಕ್ಕೆಯ ಆಕಾರವೇ ಅಚ್ಚಾಗುತ್ತದೆ. ಕಂಡ ದಿನವೇ ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ಬಿಟ್ಟು, ತಿಕ್ಕದೆ ಎತ್ತಿ ತೆಗೆಯಿರಿ.

ಖರ್ಚಿನ ಲೆಕ್ಕ ಹೀಗೆ ಹಾಕಿ. ಮಧ್ಯಮ ಗಾತ್ರದ ಗಾಡಿಗೆ 20,000 ರೂಪಾಯಿ ಕೊಟೇಶನ್ ಬಂತು ಎನ್ನಿ. 18% ಜಿಎಸ್‌ಟಿ ಸೇರಿ 23,600. ವರ್ಷಕ್ಕೊಮ್ಮೆ ಮೇಂಟೆನನ್ಸ್ 2,500ರಂತೆ ಎರಡು ಸಲ, 5,000. ಮೂರು ವರ್ಷಕ್ಕೆ ಒಟ್ಟು 28,600, ಅಂದರೆ ತಿಂಗಳಿಗೆ ಸುಮಾರು 800. ಇದರ ಎದುರು ಸ್ಪ್ರೇ ಸೀಲಂಟ್, ಕಾರ್ ಶಾಂಪೂ, ನಾಲ್ಕು ಮೈಕ್ರೊಫೈಬರ್ ಟವೆಲ್, ಎರಡು ಬಕೆಟ್ ಇಟ್ಟುಕೊಂಡು ಮೂರು-ನಾಲ್ಕು ತಿಂಗಳಿಗೊಮ್ಮೆ ಅರ್ಧ ದಿನ ಕೊಟ್ಟರೆ ಖರ್ಚು ಇದರ ಕಾಲುಭಾಗದಷ್ಟರಲ್ಲಿ ಮುಗಿಯುತ್ತದೆ. ಮೂರು ವರ್ಷ ಅಂತ ಲೆಕ್ಕ ಹಿಡಿದದ್ದಕ್ಕೆ ಕಾರಣವಿದೆ: ‘5 ವರ್ಷ ವಾರಂಟಿ’ ಎಂದು ಬರೆದಿದ್ದರೂ ನಮ್ಮ ಬಿಸಿಲು, ಧೂಳಿನಲ್ಲಿ ಎರಡರಿಂದ ಮೂರು ವರ್ಷ ಎಂದೇ ಎಣಿಸಿಕೊಳ್ಳುವುದು ಒಳ್ಳೆಯದು. ವಾರಂಟಿ ಕಾಗದದ ಹಿಂದಿನ ಪುಟ ಓದಿ. ನೀರಿನ ಕಲೆ, ಹಿಕ್ಕೆ, ಗೆರೆ, ಅಪಘಾತ ಇವನ್ನೆಲ್ಲ ಹೊರಗಿಟ್ಟಿರುವುದು, ಅವರಲ್ಲೇ ಮೇಂಟೆನನ್ಸ್ ಮಾಡಿಸದಿದ್ದರೆ ರದ್ದು ಎಂದಿರುವುದು ಸಾಮಾನ್ಯ.

ಮಾಡಿಸುವುದಾದರೆ

ಗೋಕುಲ ರೋಡಿನಲ್ಲೋ ಪಿ.ಬಿ. ರೋಡಿನಲ್ಲೋ ಅಂಗಡಿ ಹುಡುಕುವಾಗ ಡೆಮೊ ನೋಡಿ ಮರುಳಾಗಬೇಡಿ. ನೀರು ಮುತ್ತಾಗಿ ಉರುಳುವುದನ್ನು ಐನೂರು ರೂಪಾಯಿಯ ವ್ಯಾಕ್ಸ್ ಕೂಡ ಮಾಡಿ ತೋರಿಸುತ್ತದೆ. ನೋಡಬೇಕಾದದ್ದು ಜಾಗ: ಶಟರ್ ಮುಚ್ಚಿ ಕೆಲಸ ಮಾಡುವ, ಧೂಳು ಬಾರದ ಕೋಣೆ, ಒಳ್ಳೆಯ ಎಲ್‌ಇಡಿ ಬೆಳಕು, ಪೇಂಟಿನ ದಪ್ಪ ಅಳೆಯುವ ಗೇಜ್. ಗೇಜ್ ಇಲ್ಲದವರ ಕೈಗೆ ಹಳೇ ಗಾಡಿ ಕೊಡಬೇಡಿ. ಕಂಪನಿ ಪೇಂಟು ಒಟ್ಟು 90ರಿಂದ 130 ಮೈಕ್ರಾನ್ ತೋರಿಸುವುದು ಹೆಚ್ಚು. 200 ದಾಟಿದರೆ ಆ ಪ್ಯಾನೆಲ್ ಹಿಂದೆ ಪೇಂಟಾಗಿರುವ ಸಾಧ್ಯತೆ ದೊಡ್ಡದು. 80ಕ್ಕಿಂತ ಕೆಳಗಿದ್ದರೆ ಕಾಂಪೌಂಡ್ (ಗೆರೆ ತೆಗೆಯುವ ಒರಟು ಪಾಲಿಶ್) ಹಾಕಿ ಉಜ್ಜುವುದು ಅಪಾಯ, ಏಕೆಂದರೆ ಪ್ರತಿ ಸಲದ ಉಜ್ಜುವಿಕೆಯಲ್ಲಿ ಕ್ಲಿಯರ್ ಕೋಟಿನ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಹೊಸದಾಗಿ ಪೇಂಟ್ ಮಾಡಿಸಿದ ಪ್ಯಾನೆಲ್ ಇದ್ದರೆ ಕನಿಷ್ಠ ಒಂದು ತಿಂಗಳು ಬಿಡಿ.

ಕೆಲಸದ ಕ್ರಮ ನಿಮಗೆ ಗೊತ್ತಿರಲಿ. ಶಾಂಪೂ ತೊಳೆತ, ಡಾಂಬರು ಕಲೆ ತೆಗೆಯುವುದು, ಕಬ್ಬಿಣದ ಕಣಗಳಿಗೆ ಐರನ್ ರಿಮೂವರ್ (ಕಣ ಇದ್ದಲ್ಲಿ ನೇರಳೆ ಬಣ್ಣ ಇಳಿಯುತ್ತದೆ), ಅಂಟಿದ ಹೊಲಸನ್ನು ಎಳೆದು ತೆಗೆಯುವ ಜೇಡಿಯಂಥ ಕ್ಲೇ ಬಾರ್, ರಬ್ಬರು-ಪ್ಲಾಸ್ಟಿಕ್ಕಿಗೆ ಟೇಪು, ಕಾಂಪೌಂಡ್, ಫಿನಿಶಿಂಗ್ ಪಾಲಿಶ್, ಪಾಲಿಶಿನ ಎಣ್ಣೆ ತೆಗೆಯಲು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನ ಒರೆಸಾಟ. ಇಲ್ಲಿಗೆ ಕೆಲಸ ನಿಲ್ಲಿಸಲು ಹೇಳಿ, ನೀವು ಹೋಗಿ ಗಾಡಿ ನೋಡಿ. ಪಾಲಿಶಿನಲ್ಲಿರುವ ಎಣ್ಣೆ ಮತ್ತು ಫಿಲ್ಲರ್ ಗೆರೆಗಳನ್ನು ತುಂಬಿ ಮುಚ್ಚುತ್ತವೆ, ಒರೆಸಿದ ಮೇಲೆ ಕಾಣುವುದೇ ನಿಜವಾದ ಸ್ಥಿತಿ. ಸುತ್ತು ಗೆರೆ, ಮಶೀನಿನ ಹೊಗೆಯಂಥ ಗುರುತು ಉಳಿದಿದ್ದರೆ ಮತ್ತೆ ಪಾಲಿಶ್ ಮಾಡಿಸಿ. ಕೋಟಿಂಗ್ ಬಿದ್ದ ಮೇಲೆ ಅವು ಅದರಡಿಯಲ್ಲೇ ಇದ್ದುಬಿಡುತ್ತವೆ. ನೀವು ಕೊಡುವ ದುಡ್ಡಿಗೆ ತಕ್ಕ ಶ್ರಮವೆಲ್ಲ ಇಲ್ಲಿಯವರೆಗಿನದು. ಹೊಸ ಗಾಡಿಗೆ ಒಂದು ದಿನ, ಹಳೆಯದಕ್ಕೆ ಎರಡು-ಮೂರು ದಿನ ಬೇಕು. ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಒಯ್ಯಿರಿ ಎಂದರೆ ಬಿಟ್ಟು ಬನ್ನಿ.

ಕೋಟಿಂಗ್ ಬಾಟಲಿಯ ಸೀಲನ್ನು ನಿಮ್ಮೆದುರೇ ಒಡೆಯಲಿ. ಒಂದು ಮಧ್ಯಮ ಗಾಡಿಯ ಒಂದು ಪದರಕ್ಕೆ 30 ಎಂಎಲ್ ಹತ್ತಿರ ಸಾಕು. ಎರಡು ಅಡಿ ಅಗಲ, ಎರಡು ಅಡಿ ಉದ್ದದ ಭಾಗಕ್ಕೆ ಅಡ್ಡ-ಉದ್ದ ಹಚ್ಚಿ, ಮಳೆಬಿಲ್ಲಿನ ಬಣ್ಣ ಮೂಡಿದ ಮೇಲೆ ಒರೆಸುತ್ತಾರೆ. ಒರೆಸುವುದು ತಡವಾದರೆ ದಟ್ಟ ಕಲೆ ಗಟ್ಟಿಯಾಗುತ್ತದೆ, ಅದನ್ನು ಮತ್ತೆ ಪಾಲಿಶ್ ಮಾಡಿಯೇ ತೆಗೆಯಬೇಕು. ಜೂನ್-ಜುಲೈ ತೇವದಲ್ಲಿ ಬಹಳ ಕೋಟಿಂಗ್‌ಗಳು ಬೇಗ ಬಿಗಿಯುವುದರಿಂದ ಈ ತಪ್ಪು ಹೆಚ್ಚು, ಜತೆಗೆ ಮೊದಲ ವಾರದಲ್ಲೇ ಮಳೆ ಹನಿಯ ಕಲೆ ಕೂಡುತ್ತದೆ. ನವೆಂಬರಿನಿಂದ ಫೆಬ್ರುವರಿ ಈ ಸೀಮೆಗೆ ಒಳ್ಳೆಯ ಕಾಲ. ಹೊಸ ಗಾಡಿ ಮಳೆಗಾಲದಲ್ಲಿ ಬಂದರೂ ಅವಸರ ಬೇಡ. ಡೆಲಿವರಿಗೆ ಮುಂಚೆ ‘ಪಾಲಿಶ್ ಮಾಡಬೇಡಿ, ಒಣ ಬಟ್ಟೆಯಲ್ಲಿ ಒರೆಸಬೇಡಿ’ ಎಂದು ಶೋರೂಮಿಗೆ ಬರೆದುಕೊಡಿ, ಬಹಳ ಗೆರೆ ಅಲ್ಲೇ ಬೀಳುತ್ತವೆ.

ಕೋಟಿಂಗ್ ಆದ ಮೊದಲ 24 ಗಂಟೆ ನೀರು ತಾಗಬಾರದು, ಏಳು ದಿನ ಶಾಂಪೂ ಬೇಡ. ಆಮೇಲೆ ಪಿಎಚ್ ನ್ಯೂಟ್ರಲ್ ಶಾಂಪೂ ಮಾತ್ರ. ಬಟ್ಟೆ ಒಗೆಯುವ ಪುಡಿ ಕ್ಷಾರ, ಅದು ಕೋಟಿಂಗನ್ನು ಬೇಗ ಕುಂದಿಸುತ್ತದೆ. ಎರಡು ಬಕೆಟ್ ಇಡಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಮಿಟ್ (ಗಾಡಿ ತೊಳೆಯುವ ಮೆತ್ತನೆಯ ಕೈಗವಸು) ಜಾಲಿಸಲು ಬರೀ ನೀರು. ಮೇಲಿಂದ ಕೆಳಗೆ ಬನ್ನಿ. ಕೆಳಭಾಗದ ಎರಿ ಮಣ್ಣಿಗೆ ಬೇರೆ ಮಿಟ್. ಕೆಲವು ತಿಂಗಳಿಗೆ ನೀರು ಮುತ್ತಾಗುವುದು ನಿಂತಿತೆಂದರೆ ಕೋಟಿಂಗ್ ಹೋಯಿತು ಎಂದುಕೊಳ್ಳಬೇಡಿ. ಬಹಳ ಸಲ ಮೇಲೆ ಧೂಳು-ಲವಣದ ಪೊರೆ ಕೂತಿರುತ್ತದೆ, ಚೆನ್ನಾಗಿ ತೊಳೆದು ಐರನ್ ರಿಮೂವರ್ ಹಾಕಿದರೆ ಮರಳುತ್ತದೆ.

ಖಂಡೆ ಪೂಜೆಯ ದಿನ ಕುಂಕುಮ, ವಿಭೂತಿಯನ್ನು ಬಾನೆಟ್ಟಿನ ಬದಲು ಮುಂದಿನ ಗಾಜಿಗೆ ಹಚ್ಚಿ, ಚೆಂಡು ಹೂವಿನ ಮಾಲೆಯನ್ನು ತಂತಿಯಲ್ಲಲ್ಲ, ನೂಲಿನ ದಾರದಲ್ಲಿ ಕಟ್ಟಿ, ಸಂಜೆಯೇ ಬಿಚ್ಚಿ ನೀರು ಹಾಕಿ. ಹುಬ್ಬಳ್ಳಿಯ ರಂಗಪಂಚಮಿಗೆ ಗಾಡಿ ಒಳಗಿರಲಿ. ಬಣ್ಣ ಬಿದ್ದರೆ ಒಣ ಪುಡಿಯನ್ನು ಕೈಯಲ್ಲಿ ಒರೆಸದೆ, ಮೊದಲು ನೀರಿನ ಧಾರೆ ಹಿಡಿದು ಹರಿಸಿ ಬಿಡಿ, ಆಮೇಲಷ್ಟೇ ಮಿಟ್ ಮುಟ್ಟಿಸಿ.