ಲಿನಕ್ಸ್ ಬಳಸ್ತೀರಾ? ಹುಬ್ಬಳ್ಳಿ-ಧಾರವಾಡದಲ್ಲಿ ನೆಟ್ ಹಾಕಿಸೋ ಮೊದಲು ಇಷ್ಟು ಕೇಳಿ

ಹೋದ ಮಳೆಗಾಲದಲ್ಲಿ ವಿದ್ಯಾನಗರದ ನಮ್ಮ ಮನೆಗೆ ಹೊಸ ಲೈನ್ ಹಾಕಲು ಬಂದ ಹುಡುಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು (ವಿಂಡೋಸ್ ಬದಲು ಬಳಸೋ ಲಿನಕ್ಸ್‌ನ ಒಂದು ಬಗೆ) ನೋಡಿ, "ಸರ, ಇದರಾಗ ನಮ್ ನೆಟ್ ಬರೂದಿಲ್ರಿ, ವಿಂಡೋಸ್ ಹಾಕಸ್ರಿ" ಅಂದ. ರೂಟರ್‌ನಿಂದ ಒಂದು ಲ್ಯಾನ್ ಕೇಬಲ್ ಎಳೆದು ಲ್ಯಾಪ್‌ಟಾಪ್‌ಗೆ ಚುಚ್ಚಿದೆ, ನೆಟ್ ಬಂತು. ಲೈನಿಗೆ ಲಾಗಿನ್ ಆಗೋದು ರೂಟರ್. ಅದರ ಹಿಂದೆ ವಿಂಡೋಸ್ ಇದೆಯೋ ಲಿನಕ್ಸ್ ಇದೆಯೋ ಕಂಪನಿಗೆ ಬೇಕಿಲ್ಲ.

ಹಾಗಾಗಿ "ಲಿನಕ್ಸ್‌ಗೆ ಸಪೋರ್ಟ್ ಇದೆಯಾ" ಅಂತ ಕೇಳಬೇಡಿ, ಇಲ್ಲ ಅಂತಲೇ ಹೇಳ್ತಾರೆ. ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ (ರೂಟರ್ ಲೈನಿಗೆ ಲಾಗಿನ್ ಆಗೋದು ಇವುಗಳಿಂದಲೇ) ನನ್ನ ಕೈಗೆ ಕೊಡ್ತೀರಾ ಅಂತ ಕೇಳಿ. ಅದು ಕೈಯಲ್ಲಿದ್ದರೆ ನಿಮ್ಮದೇ ರೂಟರ್ ಹಾಕಬಹುದು, ಬೇಕಿದ್ದರೆ ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕೋ ಲಿನಕ್ಸ್) ಕೂಡ. ಫೈಬರ್ ಲೈನ್ ಬಂದು ಸೇರೋ ಡಬ್ಬಿ ರೂಟರ್‌ನಿಂದ ಬೇರೆಯಾಗಿದ್ದರೆ, ರೂಟರ್ ಕೆಟ್ಟ ದಿನ ಲಿನಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್‌ನಲ್ಲೇ ಪಿಪಿಪಿಒಇ ಕನೆಕ್ಷನ್ ಮಾಡಿ ಕೆಲಸ ಸಾಗಿಸಬಹುದು. ದಿನಾ ಬ್ರೌಸರ್‌ನಲ್ಲಿ ಲಾಗಿನ್ ಆಗಬೇಕಾದ ಲೈನ್ ಮಾತ್ರ ಬೇಡ, ಮನೆಯಲ್ಲಿ ರಾಸ್ಪ್‌ಬೆರಿ ಪೈ (ಸಾಮಾನ್ಯವಾಗಿ ಪರದೆಯಿಲ್ಲದೆ ಓಡಿಸೋ ಪುಟ್ಟ ಕಂಪ್ಯೂಟರ್) ಇಟ್ಟವರಿಗೆ ಅದು ದೊಡ್ಡ ತಲೆನೋವು.

ಮುಂದಿನ ಪ್ರಶ್ನೆ ಐಪಿಯದು, ಅಂದರೆ ನಿಮ್ಮ ಲೈನಿನ ಇಂಟರ್ನೆಟ್ ವಿಳಾಸದ್ದು. ನಮ್ಮಂಥವರು ಎಡವೋದು ಇಲ್ಲೇ ಜಾಸ್ತಿ. ಆಫೀಸಿನಿಂದ ಮನೆಯ ಕಂಪ್ಯೂಟರ್‌ಗೆ ಎಸ್‌ಎಸ್‌ಎಚ್ ಮಾಡಬೇಕು (ದೂರದಿಂದಲೇ ಲಾಗಿನ್ ಆಗಬೇಕು), ನೆಕ್ಸ್ಟ್‌ಕ್ಲೌಡ್ (ಫೈಲ್ ಇಡೋಕೆ ನಿಮ್ಮದೇ ಕ್ಲೌಡ್) ಇಡಬೇಕು ಅಂದರೆ ಹೊರಗಿನಿಂದ ಮನೆಗೆ ದಾರಿ ಬೇಕಲ್ವಾ? ಪಕ್ಕದ ಮನೆಯಲ್ಲಿ ಅದೇ ಕಂಪನಿ ಲೈನ್ ಇದ್ದರೆ ಅವರನ್ನು ಕೇಳಿಕೊಂಡು ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ (ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ಸಿಜಿನ್ಯಾಟ್, ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚಿದ್ದಾರೆ. ನೀವು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನಿಂದ ಬಂದದ್ದನ್ನು ಒಳಗಿನ ಕಂಪ್ಯೂಟರ್‌ಗೆ ಕಳಿಸೋ ಸೆಟ್ಟಿಂಗ್) ಹೊರಗಿನವರು ಒಳಗೆ ಬರೋಕಾಗಲ್ಲ. 10ರಿಂದ ಶುರುವಾದರೂ ಅದೇ ಕಥೆ. ಆಗ ಸ್ಟ್ಯಾಟಿಕ್ ಐಪಿಗೆ (ಬದಲಾಗದ, ನಿಮ್ಮೊಬ್ಬರದೇ ಪಬ್ಲಿಕ್ ಐಪಿ) ತಿಂಗಳಿಗೆ ಎಷ್ಟು ಅಂತ ಕೇಳಿ, ಇಲ್ಲವೇ ಐಪಿವಿ6 (ಹಂಚಿಕೊಳ್ಳಬೇಕಿಲ್ಲದ ಹೊಸ ಬಗೆಯ ವಿಳಾಸ) ಕೊಡ್ತಾರಾ ನೋಡಿ. ಐಪಿವಿ6 ಇದ್ದರೆ ರೂಟರ್ ಫೈರ್‌ವಾಲ್‌ನಲ್ಲಿ ಒಂದು ಪೋರ್ಟ್ ತೆರೆದರೆ ಸಾಕು, ಆದರೆ ನೀವು ಕೂತ ಕಡೆಯ ನೆಟ್‌ನಲ್ಲೂ ಐಪಿವಿ6 ಇರಬೇಕು.

ಅಪ್‌ಲೋಡ್ ಸ್ಪೀಡ್ ಬೇರೆಯಾಗಿ ಕೇಳಿ, ಜಾಹೀರಾತಿನಲ್ಲಿ ಎಷ್ಟೋ ಸಲ ಬರೆಯೋದು ಬರೀ ಡೌನ್‌ಲೋಡ್. ಡೇಟಾ ಮಿತಿ ಮುಗಿದ ಮೇಲೆ ಎಷ್ಟಕ್ಕೆ ಇಳಿಸ್ತಾರೆ ಅನ್ನೋದನ್ನೂ ಬಿಡಬೇಡಿ.

ಇನ್ನು ನಮ್ಮೂರಿನ ವಿಷಯ. ರಸ್ತೆ ಅಗೆದಾಗ ಕೇಬಲ್ ಹರಿಯುತ್ತೆ, ಅದಕ್ಕೆ ಕಂಪನಿ ಹೆಸರಿಗಿಂತ ನಿಮ್ಮ ಓಣಿಯಲ್ಲಿ ಲೈನ್ ರಿಪೇರಿ ಮಾಡೋರು ಎಷ್ಟು ಬೇಗ ಬರ್ತಾರೆ ಅನ್ನೋದು ಮುಖ್ಯ. ಅಕ್ಕಪಕ್ಕದ ಮೂರು ಮನೆ ಕೇಳಿದರೆ ಗೊತ್ತಾಗುತ್ತೆ. ಕರೆಂಟ್ ಹೋದರೂ ನೆಟ್ ಬೇಕಿದ್ದರೆ ಫೈಬರ್ ಡಬ್ಬಿಗೆ, ರೂಟರ್ ಬೇರೆ ಇದ್ದರೆ ಅದಕ್ಕೂ, ಸಣ್ಣ ಯುಪಿಎಸ್ ಹಾಕಿ, ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿಕೊಂಡು ತನ್ನಿ.

ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ. ಮೊದಲು ಒಂದು ತಿಂಗಳ ಪ್ಲಾನ್ ತಗೊಂಡು, ರಾತ್ರಿ ಒಂಬತ್ತಕ್ಕೆ ಒಂದು ಡೆಬಿಯನ್ ಐಎಸ್ಒ (ಲಿನಕ್ಸ್ ಇನ್‌ಸ್ಟಾಲ್ ಮಾಡೋ ದೊಡ್ಡ ಫೈಲ್) ಇಳಿಸಿ ನೋಡಿ, ಮೊಬೈಲ್ ಡೇಟಾದಿಂದ ಮನೆಗೆ ಎಸ್‌ಎಸ್‌ಎಚ್ ಮಾಡಿ ನೋಡಿ. ಎರಡೂ ಸರಿ ಇದ್ದರೆ ಆಮೇಲೆ ಆರು ತಿಂಗಳದ್ದು ಕಟ್ಟಿ.