ಹೊರಗಿನ ಸಪ್ಪಳ ಒಳಗ ಬರಬಾರ್ದಂದ್ರ ಇಯರ್‌ಫೋನಿಗೆ ಎಂಥಾ ರಬ್ಬರ್ ಹಾಕ್ಬೇಕು

ರಬಕವಿ ಬನಹಟ್ಟಿ ಕಡೆ ಇರೋರಿಗೆ ಸಪ್ಪಳ ಅಂದ್ರ ಏನಂತ ಬ್ಯಾರೆ ಹೇಳೂದೇನೂ ಬ್ಯಾಡ, ಬಾಜೂ ಮನ್ಯಾಗ ಪಾವರ್‌ಲೂಮ್ ಚಾಲೂ ಆತಂದ್ರ ಖಟ್ ಖಟ್ ಅನ್ನೂದು ನಿಲ್ಲಂಗಿಲ್ಲ, ಅದ್ರಾಗ ಕುಂತ ಪಿಎಸ್ಐ, ಕೆಎಎಸ್ ಓದೋ ಹುಡುಗ್ರು ಕ್ಲಾಸಿನ ವಿಡಿಯೋ ಕೇಳ್ಬೇಕು. ಎಲ್ಲಾರೂ ಮೊದ್ಲ ಮಾಡೂದು ವಾಲ್ಯೂಮ್ ಏರ್ಸೂದು, ಅದೂ ಸಾಲಲಿಲ್ಲಂದ್ರ ಜಾಸ್ತಿ ರೊಕ್ಕ ಹಾಕಿ ನಾಯ್ಸ್ ಕ್ಯಾನ್ಸಲೇಶನ್ (ಹೊರಗಿನ ಸಪ್ಪಳ ತಾನ ಕಮ್ಮಿ ಮಾಡೋ ಸೌಲತ್ತು) ಇರೋ ಬಡ್ಸ್ ತರೂದು. ರೊಕ್ಕ ಹಾಕೂಕಿಂತ ಮೊದ್ಲ ಇದ್ದ ಇಯರ್‌ಫೋನಿನ ತುದಿಗಿರೋ ರಬ್ಬರ್ ನೋಡ್ರಿ. ಡಬ್ಬಿಯೊಳಗ ಮೂರು ಸೈಜ್ ಕೊಟ್ಟಿರ್ತಾರ, ಆದ್ರ ಹಚ್ಚಿ ಬಂದಿದ್ದ ಮೀಡಿಯಮ್ ಹಂಗ ಬಿಟ್ಟು ಬಾಕಿ ಎರಡು ಜೋಡಿ ಕವರ್ ಸೈತ ಒಡೀದ ಇಟ್ಟೋರ ಭಾಳ ಮಂದಿ.

ಯಾಕ ಇಷ್ಟು ಹೇಳ್ತೀನಂದ್ರ ಕ್ಯಾನ್ಸಲೇಶನ್ ಚೊಲೋ ಕೆಲಸ ಮಾಡೂದು ಒಂದೇ ಸಮ ಬರೋ ಗುಂಯ್ ಅನ್ನೋ ದಪ್ಪ ಸಪ್ಪಳಕ್ಕ, ಬಸ್ಸಿನ ಇಂಜಿನ್, ಫ್ಯಾನ್, ಕೂಲರ್ ಇಂಥಾವಕ್ಕ. ಮಗ್ಗದ ಖಟ್ ಖಟ್ ಹಂಗಲ್ಲ, ತಟ್ಟಂತ ಬಂದು ತಟ್ಟಂತ ಹೋಗ್ತೈತಿ, ಚೂಪಾಗಿರ್ತೈತಿ, ಮಂದಿ ಮಾತು, ಹಾರ್ನು, ಪಾತ್ರೆ ಸಪ್ಪಳಾನೂ ಹಂಗ, ಇಂಥಾವನ್ನ ತಡಿಯೂದು ಕಿವ್ಯಾಗ ಗಟ್ಟಿಯಾಗಿ ಕುಂತ ರಬ್ಬರ್. ರಬ್ಬರ್ ಸಡ್ಲ ಇದ್ರ ಕ್ಯಾನ್ಸಲೇಶನ್ ಇರೋ ಬಡ್ಸ್ ಸೈತ ಅರ್ಧಾ ಕೆಲಸಾನೂ ಮಾಡಂಗಿಲ್ಲ. ಏರ್‌ಪಾಡ್ಸ್ ಪ್ರೋದಾಗ ಟಿಪ್, ಅಂದ್ರ ಈ ತುದಿ ರಬ್ಬರ್, ಸರಿ ಕುಂತೈತೋ ಇಲ್ಲೋ ಅಂತ ಫೋನ್ ಸೆಟ್ಟಿಂಗ್‌ನ್ಯಾಗ ಚೆಕ್ ಮಾಡೋ ಟೆಸ್ಟ್ ಕೊಟ್ಟಿದ್ದು ಅದಕ್ಕ. ಆದ್ರ ಊರಾಗಿನ ಡಿಜೆ, ಡೆಕ್ ಹಚ್ಚಿಕೊಂಡ ಹೋಗೋ ಕಬ್ಬಿನ ಟ್ರ್ಯಾಕ್ಟರಿನ ಬೇಸ್ ಪೂರ್ತಿ ನಿಲ್ತೈತಿ ಅಂತ ಆಸೆ ಇಟ್ಕೋಬ್ಯಾಡ್ರಿ, ದಪ್ಪ ಸಪ್ಪಳ ತಡಿಯೂದು ಯಾವ ರಬ್ಬರಿಗೂ ಕಷ್ಟಾನ, ಮತ್ತ ಸ್ವಲ್ಪ ಸಪ್ಪಳ ಎಲುಬಿನ ಮ್ಯಾಲಿಂದನೂ ಒಳಗ ಬರ್ತೈತಿ.

ಸೈಜ್ ಆರ್ಸೂದು ಹೆಂಗ ಅಂದ್ರ, ಎರಡೂ ಕಿವಿ ಒಂದ ಅಂತ ತಿಳಿಯೂದು ಬಿಡ್ರಿ. ಎಡಗಿವಿ ಬಲಗಿವಿ ತೂತು ಬ್ಯಾರೆ ಬ್ಯಾರೆ ಇರೂದು ಸಾಮಾನ್ಯ, ಎಡಕ್ಕ ಮೀಡಿಯಮ್ಮು ಬಲಕ್ಕ ಸ್ಮಾಲು ಹಾಕ್ಕೊಂಡ್ರ ಏನೂ ತಪ್ಪಿಲ್ಲ. ಬೇಸ್ ಚೊಲೋ ಇರೋ, ನಿಮಗ ಪೂರಾ ಬಾಯಿಪಾಠ ಆಗಿರೋ ಒಂದು ಹಾಡು ಹಚ್ರಿ, ಒಂದ ಕಿವ್ಯಾಗ ಹಾಕ್ಕೊಂಡು ಬಟ್ಟಿನಿಂದ ಇಯರ್‌ಫೋನ್ ಒಂಚೂರು ಒಳಗ ಒತ್ರಿ. ಒತ್ತಿದಾಗ ಬೇಸ್ ಒಮ್ಮೆಲೆ ಹೆಚ್ಚಾತು, ಕೈ ಬಿಟ್ರ ಮತ್ತ ಕಮ್ಮಿ ಆತು ಅಂದ್ರ ಎಲ್ಲೋ ಗಾಳಿ ಸೋರಾಕತ್ತೈತಿ ಅಂತ ಅರ್ಥ, ಯಾಕಂದ್ರ ಸಂದಿ ಇದ್ರ ಮೊದ್ಲ ಓಡಿ ಹೋಗೂದು ಬೇಸ್. ಒತ್ತಿದ್ರೂ ಬಿಟ್ರೂ ಅಷ್ಟ ಇದ್ರ ಆ ಸೈಜ್ ಕುಂತೈತಿ. ಆಮ್ಯಾಲ ಬಾಯಿ ಅಗಲಾ ತಗದು ಆಕಳಿಸ್ರಿ, ಏನಾರ ಅಗಿದಂಗ ಮಾಡ್ರಿ, ದವಡಿ ಹಂದ್ಯಾಡಿದ್ರ ಕಿವಿ ತೂತಿನ ಆಕಾರಾನೂ ಬದಲಾಗ್ತೈತಿ, ಅಷ್ಟಕ್ಕ ಸಡ್ಲ ಆದ್ರ ಆ ರಬ್ಬರ್ ನಿಮಗಲ್ಲ.

ದೊಡ್ಡ ಸೈಜ್ ಹಾಕಿದ್ರ ಜಾಸ್ತಿ ಬಂದ್ ಆಗ್ತೈತಿ ಅಂತ ಎಲ್ಲಾರಿಗೂ ಅನಸ್ತೈತಿ, ಅದು ಯಾವಾಗ್ಲೂ ಖರೇ ಅಲ್ಲ. ತೂತಿಗಿಂತ ದೊಡ್ಡದಿದ್ರ ಸಿಲಿಕಾನ್ ಅಂಚು ಒಳಗ ಮಡಚಿ ಕುಂದರ್ತೈತಿ, ಆ ಮಡಿಕಿ ಸಂದಿಯಿಂದನ ಸಪ್ಪಳ ಬರ್ತೈತಿ. ಹೊರಗ ತಗದ ಕೂಡ್ಲೇ ನೋಡ್ರಿ, ಒಂದು ಬದಿಗೆ ಗೆರಿ ಬಿದ್ದು ಒಳಗ ಸೊಟ್ಟಾಗಿತ್ತಂದ್ರ ಒಂದು ಸೈಜ್ ಕೆಳಗಿಳೀರಿ. ಸಣ್ಣದು ಇನ್ನೂ ಒಳಗ ಹೋಗಿ ಚೊಲೋ ಬಂದ್ ಮಾಡೂದೂ ಐತಿ. ತಾಸೊಪ್ಪತ್ತಿನ್ಯಾಗ ಕಿವಿ ನೋಯಾಕ ಹತ್ತಿದ್ರೂ ಸೈಜ್ ತಪ್ಪೈತಿ ಅಂತನ.

ಡಬ್ಬಿಯೊಳಗ ಬರೋ ಸಿಲಿಕಾನ್ ರಬ್ಬರ್ ಬ್ಯಾಡ, ಸ್ಪಂಜಿನಂಥಾ ಫೋಮ್ ಬೇಕು ಅನ್ನೋರಿಗೆ, ಸಪ್ಪಳ ತಡಿಯೂದೊಂದ ನೋಡಿದ್ರ ನಾನೂ ಫೋಮ್ ಅಂತನ ಹೇಳ್ತೀನಿ, ಕಂಪ್ಲೈ ಅನ್ನೋ ಕಂಪನಿದು ಹೆಸರಾಗೈತಿ, ಅದಕ್ಕಿಂತ ಅಗ್ಗದ್ದೂ ಆನ್‌ಲೈನ್‌ನ್ಯಾಗ ಸಿಗ್ತಾವ. ಆದ್ರ ಫೋಮ್ ಹಾಕ್ಕೋಳೋ ರೀತಿ ಗೊತ್ತಿಲ್ದ ಸುಮ್ನ ತುರುಕಿದ್ರ ಏನೂ ಉಪಯೋಗ ಇಲ್ಲ. ಎರಡು ಬಟ್ಟಿನ ನಡುವ ಇಟ್ಟು ದೀಪದ ಬತ್ತಿ ಹೊಸದಂಗ ಹೊಸದು ಸಣ್ಣ ಮಾಡ್ರಿ, ಬಲಗಿವಿಗೆ ಹಾಕ್ಕೋಳೂದಾದ್ರ ಎಡಗೈ ತಲಿ ಮ್ಯಾಲಿಂದ ತಂದು ಕಿವಿ ಮ್ಯಾಲಿನ ತುದಿ ಹಿಡದು ಮ್ಯಾಲಕ್ಕ ಹಿಂದಕ್ಕ ಜಗ್ರಿ, ತೂತು ನೆಟ್ಟಗಾಗ್ತೈತಿ, ಆಗ ಬಲಗೈಲೆ ಒಳಗ ಇಟ್ಟು 20-30 ಸೆಕೆಂಡ್ ಹಂಗ ಹಿಡೀರಿ. ಒಳಗ ಮೆಲ್ಲಕ ಉಬ್ಬಿಕೋತ ಹೋದಂಗ ಮಗ್ಗದ ಸಪ್ಪಳ ದೂರ ಸರಿಯೂದು ನಿಮಗ ಕೇಳಸ್ತೈತಿ. ಕಿವಿ ಜಗ್ಗಿ ಹಾಕೋ ಪದ್ಧತಿ ಸಿಲಿಕಾನಿಗೂ ಮಾಡ್ರಿ, ಹಾಕಿ ಒಂಚೂರು ತಿರುವ್ರಿ, ಅರ್ಧಾ ಮಂದಿಗೆ ಹೊಸ ರಬ್ಬರ್ ಬೇಕಾಗೂದ ಇಲ್ಲ.

ಫೋಮಿನ್ಯಾಗ ಸಣ್ಣ ದನಿ, ತಾಳ ಗೆಜ್ಜಿ ಇಂಥಾವು ಸ್ವಲ್ಪ ಮಂದ ಆಗ್ತಾವ, ಹಾಡು ಕೇಳೋರಿಗೆ ಅದು ಸೇರಂಗಿಲ್ಲ, ಪಾಠ ಕೇಳೋರಿಗೆ ಏನೂ ತ್ರಾಸಿಲ್ಲ. ನಮ್ಮ ಕಡೆ ಬ್ಯಾಸಗ್ಯಾಗ ಬೆವರು ಹೇಳಬ್ಯಾಡ್ರಿ, ಬೆವರಿಗೆ ಫೋಮ್ ಲಗೂ ಹಾಳಾಗ್ತೈತಿ, ದಿನಾ ಹಾಕಿದ್ರ ಕೆಲವು ತಿಂಗಳು ಬರ್ತೈತಿ ಅಷ್ಟ. ನಡುವಿನ ದಾರಿ ಅಂದ್ರ ಎರಡು ಮೂರು ಪದರ ಇರೋ ಸಿಲಿಕಾನ್, ಭಾಳ ಒಳಗ ಹೋಗ್ತೈತಿ, ಚೊಲೋ ತಡೀತೈತಿ, ಆದ್ರ ಎಲ್ಲಾರ ಕಿವಿಗೂ ಹಿಡಸಂಗಿಲ್ಲ. ಅದನ್ನ ಸಟ್ನ ಜಗ್ಗಿ ತಗೀಬಾರ್ದು, ಒಳಗಿನ ಗಾಳಿ ಹಿಡದಿರ್ತೈತಿ, ಕಿವಿ ತಮ್ಮಟಿಗೆ ನೋವಾಗ್ತೈತಿ, ಮೆಲ್ಲಕ ತಿರುವಿ ತಗೀರಿ. ಸಿಲಿಕಾನ್ ಬಿಡಿಯಾಗಿ ತಗೊಳ್ಳೋರು ಫೈನಲ್ ಅನ್ನೋ ಕಂಪನಿದು ಟೈಪ್ ಇ ನೋಡ್ರಿ, ಎಲ್ಲಾಕ್ಕಿಂತ ಸಣ್ಣ ಎಸ್‌ಎಸ್‌ನಿಂದ ಎಲ್ಲಾಕ್ಕಿಂತ ದೊಡ್ಡ ಎಲ್‌ಎಲ್ ತನಕ ಐದು ಸೈಜ್ ಅದಾವ, ಸ್ಮಾಲಿಗೂ ಮೀಡಿಯಮ್ಮಿಗೂ ನಡುವ ಸಿಕ್ಕೊಂಡೋರಿಗೆ ಬ್ಯಾರೆ ಕಂಪನಿ ಸೈಜು ಹಾಕಿ ನೋಡೂದ ದಾರಿ, ಒಂದು ಕಂಪನಿ ಮೀಡಿಯಮ್ ಇನ್ನೊಂದು ಕಂಪನಿ ಮೀಡಿಯಮ್ ಅಲ್ಲ.

ತಗೋಳೂಕಿಂತ ಮೊದ್ಲ ರಬ್ಬರ್ ಕುಂದರೋ ಕೊಳವಿ ದಪ್ಪ ಅಳೀರಿ, ಇದನ್ನ ಯಾರೂ ನೋಡಂಗಿಲ್ಲ. ಬಹುತೇಕ ವೈರಿನ ಇಯರ್‌ಫೋನಿಗೆ 4ರಿಂದ 6 ಎಂಎಂ ಇರ್ತೈತಿ, ಶ್ಯೂರ್ ಅಂಥಾ ಕಂಪನಿವು ಸುಮಾರು 3 ಎಂಎಂ, ಭಾಳ ಸಣ್ಣು. ಮನ್ಯಾಗ ಸ್ಕೇಲಿನ್ಯಾಗ ಗೊತ್ತಾಗಲಿಲ್ಲಂದ್ರ ಲೇಥ್ ಅಂಗಡ್ಯಾಗ ವರ್ನಿಯರ್ ಅನ್ನೋ ಅಳತಿ ಸಾಮಾನು ಇರ್ತೈತಿ, ಕೇಳಿದ್ರ ಅಳದು ಕೊಡ್ತಾರ. ಕೊಳವಿ ಸಣ್ಣದಿದ್ದು ರಬ್ಬರಿನ ತೂತು ದೊಡ್ಡದಾದ್ರ ಟಿಪ್ಪು ಕಿವ್ಯಾಗ ಉಳದು ಇಯರ್‌ಫೋನ್ ಅಷ್ಟ ಕೈಗೆ ಬರ್ತೈತಿ. ಹಂಗೇನಾರ ಆದ್ರ ಪಿನ್ನು ಕಡ್ಡಿ ಹಾಕಿ ಕೆದರಬ್ಯಾಡ್ರಿ, ಕಿವಿ ಡಾಕ್ಟರ್ ಕಡೆ ಹೋಗ್ರಿ. ವೈರ್ ಇಲ್ಲದ ಬಡ್ಸಿಗಂತೂ ಗಿಡ್ಡಂದ ಬೇಕು, ಉದ್ದಂದು ಹಾಕಿದ್ರ ಡಬ್ಬಿ ಮುಚ್ಚಂಗಿಲ್ಲ, ಚಾರ್ಜ್ ಆಗಂಗಿಲ್ಲ. ಏರ್‌ಪಾಡ್ಸ್ ಪ್ರೋಕ್ಕ ಅದರದ ಬ್ಯಾರೆ ಆಕಾರ, ಅಂಗಡ್ಯಾಗಿನ ಸಾದಾ ಬಿಡಿ ರಬ್ಬರ್ ಕುಂದರಂಗಿಲ್ಲ.

ಸರಿ ಬಂದ್ ಆದ ಮ್ಯಾಲ ನಿಮ್ಮ ದನಿ ನಿಮಗ ಗುಂಯ್ ಅಂತ ಕೇಳ್ತೈತಿ, ನಡದ್ರ ಹೆಜ್ಜಿ ಸಪ್ಪಳ ತಲ್ಯಾಗ ಬರ್ತೈತಿ, ಅಂಜಬ್ಯಾಡ್ರಿ, ತೂತು ಮುಚ್ಚಿದ್ರ ಹಂಗ ಆಗೂದ. ಆಗ ವಾಲ್ಯೂಮ್ ಇಳಸ್ರಿ, ಇಷ್ಟೆಲ್ಲಾ ಮಾಡಿದ್ದ ಅದಕ್ಕ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೂದು 80 ಡೆಸಿಬಲ್ ಇದ್ರ ವಾರಕ್ಕ 40 ತಾಸು, 3 ಡೆಸಿಬಲ್ ಏರಿದ್ರ ಕೇಳೋ ಟೈಮ್ ಅರ್ಧಾ ಆಗ್ತೈತಿ. ಲೂಮಿನ ಶೆಡ್ಡಿನ್ಯಾಗ ಕೆಲಸ ಮಾಡೋ ಅಣ್ಣಂದಿರು ಅಕ್ಕಂದಿರಿಗೆ ಮಾತ್ರ ಈ ಮಾತು ಬ್ಯಾರೆ, ಅಲ್ಲಿ 90 ಡೆಸಿಬಲ್ ದಾಟೂದು ಸಾಮಾನ್ಯ, ಅದರ ಮ್ಯಾಲ ಹಾಡು ಹಚ್ಚಿದ್ರ ಕಿವಿ ಉಳಿಯಂಗಿಲ್ಲ, ಹಾಡಿಲ್ದ ಬರೇ ಫೋಮ್ ಇಯರ್‌ಪ್ಲಗ್ ಹಾಕ್ಕೋರಿ. ಗಾಡಿ ಹೊಡಿವಾಗ ಎರಡೂ ಕಿವಿ ಮುಚ್ಚೂದೂ ಬ್ಯಾಡ.

ತೊಳಿಯೂದು ಸಸಾರ, ಸಿಲಿಕಾನ್ ಇಯರ್‌ಫೋನಿನಿಂದ ಬಿಚ್ಚಿ ಉಗುರು ಬೆಚ್ಚಗಿನ ನೀರಾಗ ಸೋಪ್ ಹಾಕಿ ತೊಳದು ಪೂರ್ತಿ ಒಣಗಿಸಿ ಹಾಕ್ರಿ, ಕಿವ್ಯಾಗ ಸೋರಾಕತ್ತಿದ್ರ ಇಲ್ಲಾ ಗುಗ್ಗಿ ಗಟ್ಟಿ ಆಗಿದ್ರ ಮೊದ್ಲ ತೋರಸ್ಕೋರಿ, ಟಿಪ್ ಅದನ್ನ ಇನ್ನೂ ಒಳಗ ನೂಕ್ತೈತಿ. ಫೋಮಿಗೆ ಸ್ಪಿರಿಟ್ ಹಚ್ಚಬ್ಯಾಡ್ರಿ, ಹಸಿ ಬಟ್ಟೀಲೆ ಒರಸ್ರಿ ಸಾಕು. ಒತ್ತಿ ಬಿಟ್ರ ತಟ್ನ ಉಬ್ಬಾಕತ್ತಿದ್ರ, ಇಲ್ಲಾ ಉಬ್ಬೂದ ಬಿಟ್ಟಿದ್ರ, ಅದನ್ನ ತಗದು ಹೊಸಾ ಜೋಡಿ ಹಾಕ್ರಿ.